ದೇವರ ಗೂಡಿನಲ್ಲಿದ್ದ ಗುಳಿಗೆಗಳು

ಶಿವಭಕ್ತ ಬಂಧುಗಳೇ, ಮಹಾಯುದ್ಧದ ದಿನಗಳಲ್ಲಿ ನನ್ನ ಒಬ್ಬಳೇ ಮಗಳು ಗೌರಿ ಚಳಿಜ್ವರದಿಂದ ಮಲಗಿದಳು. ಊರಿಗೆಲ್ಲ ಔಷಧಿ ಕೊಡುತ್ತಿದ್ದ ನನ್ನ ಬಳಿ ಅವಳಿಗೆ ಕೊಡಲು ಒಂದು ಗುಳಿಗೆಯೂ ಇರಲಿಲ್ಲ.

ನಾನು ಶಿವಮೊಗ್ಗದಲ್ಲಿ ನರ್ಸ್ ಕೆಲಸ ಕಲಿತವಳು. ಯಜಮಾನರು ತೀರಿಕೊಂಡ ಮೇಲೆ, ಬಜಾರಿನ ಜವಳಿ ಸಾಹುಕಾರರೊಬ್ಬರು ಭದ್ರಾವತಿಯ ಆಚೆಯ ಹಳ್ಳಿಯೊಂದರಲ್ಲಿ ತೆರೆದ ಧರ್ಮಾರ್ಥ ಔಷಧಾಲಯಕ್ಕೆ ಬಂದೆ. ಗುರುವಾರ ಡಾಕ್ಟರು ಬರುತ್ತಿದ್ದರು, ಉಳಿದ ದಿನ ನಾನೇ. ಜನ ಬಂಗಾರದಂಥವರು. ಆದರೆ ಅವರ ಒಂದು ಅಭ್ಯಾಸ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಚಳಿಜ್ವರದ ನಡುಕ ನಿಂತ ಕೂಡಲೇ ಕ್ವಿನೈನ್ ಗುಳಿಗೆ ನುಂಗುವುದನ್ನು ಬಿಟ್ಟುಬಿಡುತ್ತಿದ್ದರು.

"ಜ್ವರ ಬಿಡ್ತಲ್ಲಮ್ಮ, ಇನ್ಯಾಕೆ ಆ ಕಹಿ?" ಎನ್ನುವರು.

"ಪೂರ್ತಿ ನುಂಗದಿದ್ರೆ ಮತ್ತೆ ಬರುತ್ತೆ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ಭದ್ರಾವತಿ ಕಾರ್ಖಾನೆ ಕೂಗು ನಿಂತ್ರೂ ನರ್ಸಮ್ಮನ ಕೂಗು ನಿಲ್ಲಲ್ಲ ಎಂದು ಗೇಲಿ ಮಾಡುತ್ತಿದ್ದರು.

ಯುದ್ಧದಿಂದಾಗಿ ಹೊರದೇಶದ ಕ್ವಿನೈನ್ ಬರುವುದೇ ನಿಂತಿತು. ಸೀಸೆಯ ತಳದಲ್ಲಿದ್ದದ್ದನ್ನು ಕೂಲಿಯವರ ಮಗುವೊಂದಕ್ಕೆ ಕೊಟ್ಟೆ. ಆ ಮಗು ಚೇತರಿಸಿಕೊಂಡ ವಾರವೇ ಗೌರಿ ಮಲಗಿದಳು. ಅವಳನ್ನು ಮಡಿಲಲ್ಲಿಟ್ಟುಕೊಂಡು ಪೆಟ್ರೋಲ್ ಸಿಗದೆ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಭದ್ರಾವತಿಗೆ ಹೋದೆ. ಏರು ಬಂದಲ್ಲೆಲ್ಲ ಬಸ್ಸು ನಿಲ್ಲುತ್ತಿತ್ತು, ಕ್ಲೀನರ್ ಇಳಿದು ಬೆಂಕಿ ಕೆದಕುತ್ತಿದ್ದ. ಅಂಗಡಿ ಅಂಗಡಿ ಕೇಳಿದೆ, ಎಲ್ಲೂ ಸಿಗಲಿಲ್ಲ. ಡಾಕ್ಟರನ್ನು ಕಂಡಾಗ ಅವರೂ ತಲೆ ತಗ್ಗಿಸಿದರು. "ಶಿವಮೊಗ್ಗಕ್ಕೆ ಹೇಳಿಕಳಿಸಿದ್ದೀನಮ್ಮ. ಬರೋವರೆಗೂ ನೀರು ಕುಡಿಸ್ತಾ ಇರಿ."

ಹಳ್ಳಿಗೆ ವಾಪಸಾದೆ. ಮಗುವಿಗೆ ಮೈಮೇಲೆ ಎಚ್ಚರವಿರಲಿಲ್ಲ, ತೀರಿಹೋದ ಅಪ್ಪನನ್ನು ಕರೆಯುತ್ತಿತ್ತು. ನಾನು ಮನೆದೇವರು ವೀರಭದ್ರಸ್ವಾಮಿಯ ಪಟದ ಮುಂದೆ ಕೂತು ಪ್ರಾರ್ಥಿಸಿದೆ ಅನ್ನುವುದಕ್ಕಿಂತ ಜಗಳವಾಡಿದೆ ಎನ್ನಬೇಕು. "ಊರ ಮಕ್ಕಳಿಗೆಲ್ಲ ನನ್ನ ಕೈಯಿಂದ ಕೊಡಿಸಿದೆಯಲ್ಲಪ್ಪ, ನನ್ನ ಕೂಸಿಗೆ ಒಂದನ್ನಾದರೂ ಉಳಿಸಬಾರದಿತ್ತೇ?" ಎಂದು ಅತ್ತೆ.

ಬೆಳಿಗ್ಗೆ ನೀರು ತಂದುಕೊಡುವ ಸಿದ್ದಮ್ಮ ಬಂದವಳು ಮಗುವನ್ನು ನೋಡಿದಳು.

"ಆ ಕಹಿ ಗುಳಿಗೆ ಕೊಡ್ಲಿಲ್ವಾ ಮಾರಾಯ್ತಿ?"

"ಎಲ್ಲಿದೆ ಸಿದ್ದಮ್ಮ? ಎಲ್ಲಾ ನಿಮಗೇ ಕೊಟ್ಟೆನಲ್ಲ."

ಅವಳು ಕೊಡ ಅಲ್ಲೇ ಇಟ್ಟು, ಸರಸರನೆ ಹೊರಟುಹೋದಳು. ನನ್ನ ಮಾತು ಅವಳಿಗೆ ನಾಟಿತೇನೋ ಎಂದು ಇನ್ನಷ್ಟು ಸಂಕಟವಾಯಿತು.

ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತ ಬಂದು, ಅರಿಶಿನ ಮೆತ್ತಿದ ಬಟ್ಟೆಯ ಗಂಟೊಂದನ್ನು ನನ್ನ ಕೈಗಿಟ್ಟಳು. "ಬೈಬೇಡಿ ನರ್ಸಮ್ಮ. ಜ್ವರ ಬಿಟ್ಟ ಮೇಲೆ ನುಂಗ್ಲಿಲ್ಲ. ಧರ್ಮದ ಔಷಧಿ, ಬಿಸಾಕೋದು ಹೆಂಗೆ ಅಂತ ದೇವರ ಗೂಡಲ್ಲಿ ಇಟ್ಟಿದ್ದೆ."

ಬಿಚ್ಚಿದರೆ ನನ್ನದೇ ಗುಳಿಗೆಗಳು! ಅವಳ ಹಿಂದೆಯೇ ಇನ್ನೊಬ್ಬಳು, ಮತ್ತೊಬ್ಬಳು. ಪ್ರತಿ ಮನೆಯ ಗೂಡಿನಿಂದಲೂ ಒಂದೊಂದು ಗಂಟು ಬಂತು. ಎಲ್ಲರ ಮುಖದಲ್ಲೂ ಬೈಗುಳದ ಭಯ. ನಾನು ಬೈಯುವ ಬದಲು ಸಿದ್ದಮ್ಮನನ್ನು ತಬ್ಬಿಕೊಂಡು ಗೋಳೋ ಎಂದು ಅತ್ತೆ. ಅರಿಶಿನ ಒರೆಸಿ, ಮಗುವಿನ ವಯಸ್ಸಿಗೆ ತಕ್ಕಷ್ಟು ಪುಡಿಮಾಡಿ ಜೇನಿನಲ್ಲಿ ನೆಕ್ಕಿಸಿದೆ.

ಗುರುವಾರ ಡಾಕ್ಟರು ಬರುವ ಹೊತ್ತಿಗೆ ಗೌರಿ ಗಂಜಿ ಬೇಡ, ಅನ್ನ ಬೇಕೆಂದು ಹಟ ಹಿಡಿದಿದ್ದಳು. "ಗುಳಿಗೆ ಎಲ್ಲಿ ಸಿಕ್ತಮ್ಮ?" ಎಂದರು. "ದೇವರ ಹತ್ರ ಇತ್ತು ಸಾರ್" ಎಂದೆ.

ಬಂಧುಗಳೇ, ಸ್ವಾಮಿ ನನ್ನ ಮಗುವಿನ ಪಾಲನ್ನು ಉಳಿಸಿಯೇ ಇದ್ದ, ನಾನು ದಿನಾ ಬೈಯುತ್ತಿದ್ದವರ ಮನೆಗಳಲ್ಲಿ. ಅವನ ಪಾದಕ್ಕೂ ಆ ತಾಯಂದಿರಿಗೂ ನನ್ನ ಕೋಟಿ ನಮಸ್ಕಾರ.

ಈಗ ಔಷಧಾಲಯಕ್ಕೆ ಮತ್ತೆ ಗುಳಿಗೆ ಬಂದಿದೆ. "ಎಲ್ಲಾ ನುಂಗ್ಬೇಕು, ಒಂದೂ ಉಳಿಸಬಾರದು" ಎಂದು ಈಗಲೂ ಕೂಗುತ್ತೇನೆ. ಮೊನ್ನೆ ಸಿದ್ದಮ್ಮ ತನ್ನ ಪಾಲಿನಲ್ಲಿ ಒಂದನ್ನು ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡಳು. "ಇದು ಗೌರಿಗೆ" ಎಂದಳು.

ನಾನು ಕಾಣದವಳಂತೆ ಆ ಕಡೆ ತಿರುಗಿ ಸೀಸೆ ಒರೆಸತೊಡಗಿದೆ.