ಅಣ್ಣ ನನ್ನನ್ನು ಉಳಿಸಿದ ಕಥೆ

ಈ ಕಥೆ ಹೇಳುವಾಗ ಅಣ್ಣ ಎಡಗೈಯ ಮುಷ್ಟಿ ಬಿಗಿದು ಮೇಲಕ್ಕೆತ್ತುತ್ತಾನೆ. ಅದು ಸಮುದ್ರದೊಳಗಿನ ಹಗ್ಗ ಹಿಡಿದ ಕೈಯಂತೆ. ಬಲಗೈಯನ್ನು ಕೆಳಗೆ ಚಾಚಿ ಬೆರಳು ಮಡಚುತ್ತಾನೆ. ಅದು ನನ್ನನ್ನು ಹಿಡಿದ ಕೈಯಂತೆ. ಮದುವೆ ಮನೆಗಳಲ್ಲಿ ಹೇಳಿದ್ದಾನೆ, ಸುರಪುರದ ಚಹಾದಂಗಡಿಯಲ್ಲಿ ಹೇಳಿದ್ದಾನೆ, ನನ್ನನ್ನು ನೋಡಲು ಬಂದ ವರನ ಕಡೆಯವರ ಮುಂದೆಯೂ ಹೇಳಿದ್ದಾನೆ. ಕೇಳಿದವರು ನನ್ನ ಕಡೆ ತಿರುಗಿ ಇಂಥ ಅಣ್ಣ ಸಿಗಲು ಪುಣ್ಯ ಬೇಕು ಎನ್ನುತ್ತಾರೆ. ನಾನು ಮಾತು ಕಡಿಮೆ ಆಡುವವಳು. ಅದು ಅವನಿಗೆ ಎಷ್ಟು ಅನುಕೂಲ ಎನ್ನುವುದು ನನಗೆ ತಡವಾಗಿ ತಿಳಿಯಿತು.

ಹಗ್ಗ ಹಿಡಿದಿದ್ದವಳು ನಾನು. ನನ್ನ ಇನ್ನೊಂದು ಕೈಯಲ್ಲಿ ಇದ್ದವನು ಅವನು.

ಆಗ ನಾನು ಕರಾವಳಿಯ ಒಂದು ಕೇಂದ್ರದಲ್ಲಿ ಸಮುದ್ರ ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೆ. ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಇಳಿಯುವುದನ್ನು ಅಲ್ಲಿದ್ದಾಗಲೇ ಕಲಿತಿದ್ದೆ. ತೀರದಿಂದ ದೂರದ ಒಂದು ದ್ವೀಪದ ಸುತ್ತ ಹವಳ ಮತ್ತು ಮೀನುಗಳ ಸಮೀಕ್ಷೆ ನಡೆಯುವುದಿತ್ತು. ಆ ತಂಡ ನನ್ನನ್ನು ತೆಗೆದುಕೊಳ್ಳಲು ಸಿದ್ಧವಿತ್ತು. ಒಂದೇ ಷರತ್ತು: ದ್ವೀಪದ ಹತ್ತಿರ ಸೆಳವು ಜೋರು, ಅಲ್ಲಿ ಇಳಿದು, ಕೆಲಸ ಮಾಡಿ, ಸರಿಯಾಗಿ ಮೇಲೆ ಬರುತ್ತೇನೆ ಎಂದು ಡೈವಿಂಗ್ ಗೈಡ್ ಎದುರು ತೋರಿಸಬೇಕು. ಅದಾದರೆ ಮಳೆಗಾಲ ಕಳೆದ ಮೇಲಿನ ಇಡೀ ಹಂಗಾಮು ನನಗೆ ಸಮುದ್ರದಲ್ಲಿ ಕೆಲಸ. ನನಗೆ ಬೇಕಾಗಿದ್ದದ್ದು ಅಷ್ಟೇ.

ದೇವಾಪುರದ ನಮ್ಮ ಮನೆಯಲ್ಲಿ ಇದನ್ನು ಹೇಳಿದಾಗ ಮೊದಲು ನಕ್ಕವನು ಕಾಕಾ. ‘ಮೀನ ಎಣಸಾಕ ಎಂ.ಎಸ್ಸಿ. ಯಾಕ ಬೇಕವಾ? ಸಂತ್ಯಾಗ ಬುಟ್ಟಿ ಇಟ್ಕೊಂಡು ಕುಂತ್ರ ಅವ ಎಣಸ್ಕೊಂಡು ಬರ್ತಾವ.’ ಅಪ್ಪ ಶಾಲೆಯ ಮಾಸ್ತರರು. ಅವರು ನಗಲಿಲ್ಲ. ಸ್ವಲ್ಪ ಯೋಚಿಸಿ, ಅಣ್ಣ ಜೊತೆಗೆ ಬರುವುದಾದರೆ ಹೋಗು ಎಂದರು. ನಾನು ಅಷ್ಟು ವರ್ಷ ಒಬ್ಬಳೇ ಹಾಸ್ಟೆಲ್ಲಿನಲ್ಲಿದ್ದು ಓದಿದವಳು. ಆದರೂ ಒಪ್ಪಿದೆ. ಹೋಗುವುದು ಮುಖ್ಯವಾಗಿತ್ತು.

ಅಣ್ಣನಿಗೆ ನೀರೆಂದರೆ ತನ್ನ ಸ್ವಂತದ್ದು ಎಂಬ ಭಾವನೆ. ನಮ್ಮಲ್ಲಿ ಕೆನಾಲ್ ಬಂದ ಮೇಲೆ ಹುಟ್ಟಿದವರಿಗೆಲ್ಲ ಸ್ವಲ್ಪ ಹಾಗೆಯೇ. ಜೋಳ ಬೆಳೆಯುತ್ತಿದ್ದ ಎರೆಹೊಲದಲ್ಲಿ ಭತ್ತ ನಿಂತದ್ದನ್ನೇ ನೋಡಿ ದೊಡ್ಡವರಾದವರು ನಾವು. ನಮ್ಮಿಬ್ಬರಿಗೂ ಈಜು ಕಲಿಸಿದವಳು ಅವ್ವ. ಅವಳು ಕೃಷ್ಣಾ ದಂಡೆಯ ಊರಿನವಳು. ಹಳೆ ಸೀರೆಯ ತುಂಡಿನಿಂದ ಬೆನ್ನಿಗೆ ಎಣ್ಣೆಯ ಖಾಲಿ ಡಬ್ಬಿ ಕಟ್ಟಿ ನಮ್ಮನ್ನು ಕೆನಾಲಿಗೆ ಬಿಡುತ್ತಿದ್ದಳು. ಗೇಟು ಎತ್ತಿದ ದಿನಗಳಲ್ಲಿ ನೀರು ಎಳೆದುಕೊಂಡು ಹೋಗುತ್ತದೆ. ಅದಕ್ಕೆ ಅವಳ ಪಾಠ ಒಂದೇ: ಕೈಕಾಲು ಬಡಿಯಬೇಡ, ಎದೆ ತುಂಬ ಉಸಿರು ತೆಗೆದುಕೊಂಡು ಬಾಯಿ ಮುಚ್ಚು, ಡಬ್ಬಿಯ ಹಾಗೆ ತೇಲುತ್ತಿ, ಮುಂದೆ ಮೆಟ್ಟಿಲು ಬಂದಾಗ ಹಿಡಿದುಕೋ. ಊರಿನ ಮಕ್ಕಳೆಲ್ಲ ಹಾಗೆಯೇ ಕಲಿತದ್ದು. ಉಸಿರು ಬಿಟ್ಟವನು ಮುಳುಗುತ್ತಾನೆ ಎಂಬುದು ನಮ್ಮ ಮೈಗೇ ಗೊತ್ತು.

ನಾನು ದೊಡ್ಡವಳಾದ ವರ್ಷ ನನ್ನ ಈಜು ನಿಂತಿತು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನವರೆಗೆ ಮಾತ್ರ ನೀರು ನನ್ನದು. ಅಲ್ಲಿ ಕೌದಿ ಕುಕ್ಕುತ್ತಾ ಕೂತಿದ್ದಾಗ ಅಣ್ಣ ಸೇತುವೆಯ ಮೇಲಿನಿಂದ ಹಾರುತ್ತಿದ್ದ. ನೀರು ನಮ್ಮ ಮೇಲೆ ಸಿಡಿಯುತ್ತಿತ್ತು. ಹೆಂಗಸರು ಅವನನ್ನು ಬೈಯುವ ಹಾಗೆ ಹೊಗಳುತ್ತಿದ್ದರು.

ಸಮುದ್ರಕ್ಕೆ ಹೋದ ದಿನ ಅವನು ದೋಣಿಯಲ್ಲಿ ಕೂತು ಕಾಯುವುದೆಂದು ಮಾತಾಗಿತ್ತು. ಬೆಳಿಗ್ಗೆ ದಡದಲ್ಲಿ ಗೈಡ್ ನನ್ನ ಸಲಕರಣೆ ನೋಡುತ್ತಾ, ನನ್ನನ್ನು ಕೇಳದೆ ಅಣ್ಣನನ್ನು ಕೇಳಿದ: ‘ತಂಗಿಗೆ ಹೆದರಿಕೆ ಉಂಟಾ?’ ಅಷ್ಟು ಸಾಕಾಯಿತು. ತಂಗಿ ಇಳಿಯುವಾಗ ತಾನು ಮೇಲೆ ಕೂರುವವನಲ್ಲ, ತಾನೂ ಇಳಿಯುತ್ತೇನೆ ಎಂದ ಅಣ್ಣ. ಈಜು ಬರುತ್ತದಾ ಎಂದು ಗೈಡ್ ಕೇಳಿದ್ದಕ್ಕೆ ಕೆನಾಲಿನ ಸೇತುವೆಯ ಎತ್ತರವನ್ನು ಕೈಯಿಂದ ತೋರಿಸಿದ. ಕಲಿಯದವರನ್ನೂ ಗೈಡ್‌ಗಳು ಕೈ ಬಿಡದೆ ಹಿಡಿದುಕೊಂಡು ಸ್ವಲ್ಪ ಆಳಕ್ಕೆ ಕರೆದೊಯ್ಯುವ ರೂಢಿ ಇದೆ. ಆದರೆ ಅದು ಶಾಂತ ನೀರಿನಲ್ಲಿ. ಇವತ್ತು ಸೆಳವು ಇದೆ, ಬೇಡ ಎಂದು ನಾನು ಹೇಳಿದೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಆ ಗೈಡ್ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ನನ್ನ ಪರೀಕ್ಷೆಯ ದಿನ ಅವನ ಕಣ್ಣು ನನ್ನ ಮೇಲೆ ಇರಬೇಕಿತ್ತು. ಇನ್ನು ಅವನ ಎರಡೂ ಕೈ ಅಣ್ಣನ ಮೇಲೆ ಇರುವುದಾಯಿತು.

ದೋಣಿಯಲ್ಲಿ ಅವನು ಅಣ್ಣನಿಗೆ ನಿಯಮ ಹೇಳಿದ. ಮುಖ್ಯವಾದದ್ದು ಒಂದೇ. ನೀರಿನಡಿ ಉಸಿರು ಕಟ್ಟಬಾರದು. ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬಂದಂತೆ ಹಿಗ್ಗುತ್ತದೆ. ಬಾಯಿ ಮುಚ್ಚಿಕೊಂಡು ಮೇಲೇರಿದರೆ ಅದಕ್ಕೆ ಹೊರಗೆ ಹೋಗಲು ದಾರಿಯಿಲ್ಲ, ಶ್ವಾಸಕೋಶ ಹರಿಯುತ್ತದೆ. ಅಣ್ಣ ಮೊಬೈಲಿನಲ್ಲಿ ದ್ವೀಪದ ವಿಡಿಯೋ ಮಾಡುತ್ತಿದ್ದ. ‘ನಮ್ಮ ಕೆನಾಲಿನ್ಯಾಗ ಉಸಿರು ಬಿಟ್ಟಾಂವ ತಳಕ್ಕ ಹೋಗ್ತಾನ್ರಿ’ ಎಂದ. ‘ಇದು ನಿಮ್ಮ ಕಾಲುವೆ ಅಲ್ಲ ಮಾರಾಯ್ರೆ’ ಎಂದು ಗೈಡ್ ನಕ್ಕ. ಅಣ್ಣನೂ ನಕ್ಕ. ನಾನು ನಗಲಿಲ್ಲ. ಆ ಮಾತು ಅವನ ಬಾಯಿಂದ ತಮಾಷೆಗೆ ಬಂದದ್ದಲ್ಲ ಎಂದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅಣ್ಣನನ್ನು ಮೂಲೆಗೆ ಕರೆದು, ಬಾಯಲ್ಲಿ ಗುಳ್ಳೆ ಬಿಡುತ್ತಲೇ ಇರಬೇಕು ಎಂದು ಮತ್ತೊಮ್ಮೆ ಹೇಳಿದೆ. ಗೊತ್ತಾಯಿತು, ನಡಿ ಎಂದ.

ದೋಣಿಯಿಂದ ಲಂಗರಿನವರೆಗೆ ಹಗ್ಗ ಓರೆಯಾಗಿ ಇಳಿದಿತ್ತು. ಸೆಳವಿದ್ದಾಗ ಆ ಹಗ್ಗವನ್ನು ಒಂದು ಕೈ ಬಿಟ್ಟರೆ ಇನ್ನೊಂದು ಕೈಯಲ್ಲಿ ಹಿಡಿಯುತ್ತಾ ಇಳಿಯಬೇಕು. ಮೊದಲು ಗೈಡ್ ಮತ್ತು ಅಣ್ಣ, ಅವರ ಮೇಲೆ ನಾನು. ನೀರು ನಮ್ಮನ್ನು ತಂತಿಯ ಮೇಲೆ ಒಣಹಾಕಿದ ಬಟ್ಟೆಯ ಹಾಗೆ ಒಂದೇ ದಿಕ್ಕಿಗೆ ಹಾರಿಸುತ್ತಿತ್ತು. ಮಾಸ್ಕನ್ನು ಪಕ್ಕದಿಂದ ಯಾರೋ ಎಳೆಯುತ್ತಿರುವಂತೆ ಅನಿಸುತ್ತಿತ್ತು. ಗೈಡ್ ಒಂದು ಕೈಯಲ್ಲಿ ಅಣ್ಣನ ಸಿಲಿಂಡರಿನ ಕುತ್ತಿಗೆ ಹಿಡಿದಿದ್ದ. ಮೀನಿನ ಒಂದು ದೊಡ್ಡ ಹಿಂಡು ಪಕ್ಕದಲ್ಲಿ ಸೆಳವಿಗೆ ಎದುರಾಗಿ ನಿಂತಿತ್ತು. ಅದನ್ನು ನೋಡುತ್ತಾ ಅಣ್ಣ ಭುಜ ಕೊಡವಿದ. ಮಗುವಿನ ಹಾಗೆ ಹಿಡಿಸಿಕೊಳ್ಳುವುದು ಅವನಿಗೆ ಸೇರಲಿಲ್ಲ. ಮತ್ತೊಮ್ಮೆ ಜೋರಾಗಿ ಕೊಡವಿದ. ಗೈಡಿನ ಕೈ ಜಾರಿತು. ಆ ಹೊತ್ತಿಗೆ ಅಣ್ಣನೂ ಹಗ್ಗ ಬಿಟ್ಟಿದ್ದ.

ನೀರು ಅವನನ್ನು ಎತ್ತಿಕೊಂಡಿತು. ಅವನು ಕೈಕಾಲು ಬಡಿಯಲಿಲ್ಲ. ಅವ್ವ ಹೇಳಿಕೊಟ್ಟದ್ದನ್ನೇ ಮಾಡಿದ. ಎದೆ ಉಬ್ಬಿತು, ಕೆನ್ನೆ ಬಿಗಿಯಿತು, ದೇಹ ಮೇಲಕ್ಕೆ ಏಳತೊಡಗಿತು. ಅವನ ಬಾಯಿಂದ ಒಂದೂ ಗುಳ್ಳೆ ಬರುತ್ತಿರಲಿಲ್ಲ. ನಾನು ನೋಡಿದ್ದು ಅದೊಂದನ್ನೇ.

ಹಗ್ಗ ಓರೆಯಾಗಿದ್ದರಿಂದ ಅವನು ನನ್ನ ಪಕ್ಕದಲ್ಲೇ ಹಾದುಹೋಗಬೇಕಿತ್ತು. ಎಡಗೈಯನ್ನು ಹಗ್ಗಕ್ಕೆ ಸುತ್ತಿ ಬಲಗೈ ಚಾಚಿದೆ. ಅವನ ಜಾಕೆಟ್ಟಿನ ಪಟ್ಟಿ ಸಿಕ್ಕಿತು. ಭುಜ ಕಿತ್ತುಬಂದ ಹಾಗಾಯಿತು. ಅವನು ಹೆದರಿ ನನ್ನ ಮುಖಕ್ಕೆ ಕೈ ಹಾಕಿದ, ಮಾಸ್ಕಿನೊಳಗೆ ನೀರು ನುಗ್ಗಿತು. ಕಣ್ಣು ಮುಚ್ಚಿಕೊಂಡೇ ಅವನನ್ನು ಹತ್ತಿರ ಎಳೆದು ಮೊಣಕಾಲಿನಿಂದ ಹೊಟ್ಟೆಗೆ ಗುದ್ದಿದೆ. ಗುಳ್ಳೆಗಳು ಒಮ್ಮೆಲೇ ಹೊರಬಿದ್ದು ನನ್ನ ಕೆನ್ನೆಗೆ ತಾಗಿದವು. ಮತ್ತೊಮ್ಮೆ ಗುದ್ದಿದೆ. ಎರಡನೆಯದು ಬೇಕಿತ್ತೋ ಇಲ್ಲವೋ ಗೊತ್ತಿಲ್ಲ. ಸಿಟ್ಟು ಬಂದಿತ್ತು.

ಅಷ್ಟರಲ್ಲಿ ಗೈಡ್ ಮೇಲೆ ಬಂದು ಅವನ ಇನ್ನೊಂದು ಪಕ್ಕ ಹಿಡಿದ. ನಿಧಾನವಾಗಿ ಮೂವರೂ ಮೇಲೆ ಬಂದೆವು. ದೋಣಿಯಲ್ಲಿ ಅಣ್ಣ ವಾಂತಿ ಮಾಡಿದ. ಮೂಗಿನಿಂದ ರಕ್ತ ಬಂತು, ಒಂದು ಕಣ್ಣು ಕೆಂಪಾಗಿತ್ತು. ಎದೆ ನೋಯುತ್ತದಾ, ಉಸಿರಾಡಲು ಆಗುತ್ತದಾ ಎಂದು ಗೈಡ್ ಮತ್ತೆ ಮತ್ತೆ ಕೇಳಿದ. ದಡದ ಡಾಕ್ಟರು ನೋಡಿ ಅಪಾಯವಿಲ್ಲ ಎಂದರು. ಮರುದಿನ ಅಣ್ಣ ಲಾಡ್ಜಿನಲ್ಲಿ ಮಲಗಿದ್ದಾಗ ನಾನು ಅದೇ ಜಾಗದಲ್ಲಿ ಮತ್ತೆ ಇಳಿದು ನನ್ನ ಪರೀಕ್ಷೆ ಮುಗಿಸಿದೆ. ತಂಡದವರು ಬಾ ಎಂದರು.

ಬಸ್ಸಿನಲ್ಲಿ ಅಣ್ಣ ಕಿಟಕಿಯ ಕಡೆ ಮುಖ ಮಾಡಿಕೊಂಡು, ಮನೆಯಲ್ಲಿ ಏನೂ ಹೇಳಬೇಡ ಎಂದ. ಸರಿ ಎಂದೆ. ಇಬ್ಬರೂ ಸುಮ್ಮನಿರುತ್ತೇವೆ ಎಂದುಕೊಂಡಿದ್ದೆ.

ಮನೆಯಲ್ಲಿ ಕಾಕಾ ಮೊದಲು ಕೇಳಿದ್ದೇ ಕಣ್ಣಿನ ಬಗ್ಗೆ. ‘ಯಾರ ಕೂಡ ಜಗಳಾಡಿ ಬಂದಿಯೋ?’ ಅಣ್ಣ ಒಂದು ಗಳಿಗೆ ನನ್ನನ್ನು ನೋಡಿದ. ಆಮೇಲೆ ಅಪ್ಪನ ಕಡೆ ತಿರುಗಿ, ‘ಈಕಿ ಹಗ್ಗ ಬಿಟ್ಟಿದ್ಳು. ಹಿಡಿಯಾಕ ಹೋದಾಗ ತಾಕಿತು’ ಎಂದ. ಎಡಗೈ ಎತ್ತಿ ತೋರಿಸಿದ್ದು ಅದೇ ಮೊದಲು. ಅವ್ವ ನನ್ನ ತಲೆ ಮೈ ಮುಟ್ಟಿ ನೋಡಿದಳು. ಅಪ್ಪ ಚಹಾದ ಕಪ್ಪು ಕೆಳಗಿಟ್ಟು, ಆಯಿತು, ಇನ್ನು ಸಮುದ್ರದ ಮಾತು ಬೇಡ ಎಂದರು.

ಅಣ್ಣ ಹೊಲದಲ್ಲಿ ನೀರಿನ ಪೈಪು ತಿರುಗಿಸುತ್ತಿದ್ದಾಗ ಹೋಗಿ ನಿಂತೆ. ನೀನೇ ಹೇಳು, ಇವತ್ತೇ ಹೇಳು ಎಂದೆ. ಅವನಿಗೆ ನಾಚಿಕೆಯಾಗಬಹುದು ಎಂದುಕೊಂಡಿದ್ದೆ. ಅವನು ಕೆಲಸ ನಿಲ್ಲಿಸಲಿಲ್ಲ.

‘ಒಂದ್ ಮಾತು, ಹೋಗ್ಲಿ ಬಿಡು. ನಿನಗೇನ್ ಲುಕ್ಸಾನ?’

‘ಅಪ್ಪ ಕಳಸಂಗಿಲ್ಲ ಅಂತಾನ. ಅದ ಲುಕ್ಸಾನ.’

‘ನೀ ಹೆಂಗಿದ್ರೂ ಲಗ್ನ ಆಗಿ ಹೋಗಾಕಿ. ನಾ ಈ ಊರಾಗ ತಿರಗ್ಯಾಡ್ಬೇಕು. ಕೆನಾಲ್ ಜಿಗಿಯಾಂವನ್ನ ತಂಗಿ ಹಿಡಿದು ತಂದ್ಳು ಅಂದ್ರ ಮಂದಿ ಬಿಡ್ತಾರೇನು?’

ಅವನಿಗೆ ತನ್ನ ಮಾತು ಅನ್ಯಾಯ ಎಂದು ಕೂಡ ಅನಿಸಿರಲಿಲ್ಲ. ನನ್ನ ಇಡೀ ಕೆಲಸ ಅವನ ಚಹಾದಂಗಡಿಯ ಮರ್ಯಾದೆಗಿಂತ ಹಗುರ. ಅದನ್ನು ಅವನು ಪೈಪು ತಿರುಗಿಸುತ್ತಲೇ ಹೇಳಿದ್ದ.

ಸಂಜೆ ಊಟಕ್ಕೆ ಎಲ್ಲರೂ ಕೂತಾಗ ನಾನೇ ಹೇಳಿದೆ. ಯಾರು ಮೇಲಿದ್ದರು, ಯಾರು ಕೆಳಗಿದ್ದರು, ಯಾರು ಹಗ್ಗ ಬಿಟ್ಟರು, ಎಲ್ಲ. ಉಸಿರು ಕಟ್ಟಿದ್ದನ್ನೂ ಹೇಳಿದೆ. ದನಿ ಏರಿಸಲಿಲ್ಲ. ಅಣ್ಣ ರೊಟ್ಟಿ ಮುರಿಯುತ್ತಲೇ ಇದ್ದ. ಕಾಕಾ, ‘ಹೆಣ್ಮಗಳು ಮೊಣಕಾಲ್ಲೆ ಗುದ್ದಿದ್ಳಂತ ನೋಡ್ರಿ’ ಎಂದು ನಕ್ಕ. ಅವ್ವ ಮಾತ್ರ ಬಹಳ ಹೊತ್ತು ಅಣ್ಣನನ್ನೇ ನೋಡಿದಳು. ಅವಳಿಗೆ ಅರ್ಥವಾಯಿತು. ಅವಳು ಕಲಿಸಿದ್ದನ್ನು ಅವಳಿಗಿಂತ ಚೆನ್ನಾಗಿ ಯಾರು ಗುರುತಿಸಬೇಕು? ಅವಳು ನನ್ನ ಪರ ಮಾತಾಡುತ್ತಾಳೆಂದು ನನಗೆ ಆಸೆಯಾಯಿತು.

‘ಖರೆ ಇರಬೇಕು’ ಎಂದಳು. ‘ಆದ್ರ ಎಲ್ಲಾರ ಮುಂದ ಹೇಳೋದಿತ್ತೇನವಾ?’

ಅಣ್ಣ ಸುಳ್ಳು ಹೇಳಿದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಸುಟ್ಟಿತು. ನಂಬದೆ ಹೋಗಿದ್ದರೆ ತಾಳಿಕೊಳ್ಳುತ್ತಿದ್ದೆ. ನಂಬಿದ ಮೇಲೂ ಬಾಯಿ ಮುಚ್ಚಬೇಕಾದವಳು ನಾನು.

ಅಪ್ಪ ಕೈ ತೊಳೆದು ಬಂದು, ಯಾರು ಯಾರನ್ನು ಹಿಡಿದಿದ್ದರೂ ಸಮುದ್ರ ಸಮುದ್ರವೇ, ಹೋಗುವುದು ಬೇಡ ಎಂದರು.

‘ಅಪ್ಪಣಿ ಕೇಳಾಕ ಹೇಳಲಿಲ್ಲಪ್ಪ’ ಎಂದೆ. ‘ನಾಳಿ ಹೊಂಟೀನಿ.’

ಅಷ್ಟು ದಿನ ನಾನು ಅವರಿಗೆ ಎದುರು ಮಾತಾಡಿರಲಿಲ್ಲ. ಬೆಳಿಗ್ಗೆ ಯಾರೂ ತಡೆಯಲಿಲ್ಲ, ಯಾರೂ ಬಸ್ಸಿಗೆ ಬಿಡಲೂ ಬರಲಿಲ್ಲ. ಅವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಹೋಗು ಎನ್ನಲಿಲ್ಲ. ಸುರಪುರದವರೆಗೆ ಟಂಟಂ ಆಟೋದಲ್ಲಿ ಹೋದೆ, ಅಲ್ಲಿಂದ ಬಸ್ಸು. ಆ ಬುತ್ತಿಯನ್ನು ದಾರಿಯಲ್ಲಿ ಬಿಚ್ಚಲಿಲ್ಲ. ಹಸಿವೆಯಾಗಿತ್ತು, ಆದರೂ ಬಿಚ್ಚಲಿಲ್ಲ.

ಆ ಹಂಗಾಮಿನ ಕೆಲಸ ಮುಗಿಸಿದೆ, ಆಮೇಲಿನ ಹಂಗಾಮುಗಳಿಗೂ ಕರೆಯುತ್ತಲೇ ಬಂದಿದ್ದಾರೆ. ಈಗ ಮನೆಗೆ ಹೋಗಿ ಬಂದು ಮಾಡುತ್ತೇನೆ. ಅಪ್ಪ ಮಾತಾಡುತ್ತಾರೆ. ಆದರೆ ಊರಿನಲ್ಲಿ ಉಳಿದಿರುವುದು ಅಣ್ಣನ ಕಥೆಯೇ. ನಾನು ಅಲ್ಲಿ ಇರುವುದಿಲ್ಲ, ಅವನು ಇರುತ್ತಾನೆ, ಅಷ್ಟೇ ವ್ಯತ್ಯಾಸ. ವರ್ಷದಿಂದ ವರ್ಷಕ್ಕೆ ಅದರಲ್ಲಿ ಸೆಳವು ಜೋರಾಗುತ್ತಿದೆ. ಇತ್ತೀಚೆಗೆ ಒಂದು ದೊಡ್ಡ ಮೀನೂ ಸೇರಿಕೊಂಡಿದೆ.

ಮೊನ್ನೆ ದೋಣಿ ಹತ್ತುವ ಮೊದಲು ಅಪ್ಪನ ಫೋನು ಬಂತು. ಅರಬ್ಬಿ ಸಮುದ್ರದಲ್ಲಿ ಗಾಳಿ ಎದ್ದಿದೆ ಎಂದು ಟಿವಿಯಲ್ಲಿ ನೋಡಿದ್ದರು. ‘ನೀರು ಜೋರ್ ಅದ ಏನು? ಅಣ್ಣನ್ನ ಕಳಸ್ಲೇನು ಜೋಡಿಗಿ?’

‘ಬ್ಯಾಡ’ ಎಂದೆ. ‘ಅಂವ ಬಂದ್ರ ಅಂವನ್ನ ನೋಡ್ಕೊಳ್ಳಾಕ ಇನ್ನೊಬ್ಬರು ಬೇಕಾಗ್ತಾರ.’

ಅಪ್ಪ ನಕ್ಕರು. ನಾನು ತಮಾಷೆ ಮಾಡಿದೆ ಎಂದುಕೊಂಡರು. ಪಕ್ಕದಲ್ಲಿದ್ದ ಯಾರಿಗೋ ಅದನ್ನು ಹೇಳುವುದು ಕೇಳಿಸಿತು, ಆ ಕಡೆಯಿಂದ ಇನ್ನೊಂದು ನಗೆ ಬಂತು. ಅದು ಅಣ್ಣನದು. ನಾನು ಫೋನಿಟ್ಟು ಸಿಲಿಂಡರಿನ ಗಾಳಿ ನೋಡಿಕೊಂಡು ದೋಣಿ ಹತ್ತಿದೆ.