ಚೌಕ ಬೆಳ್ಳಗಾದಾಗ

ನನ್ನ ಕ್ಯಾಮೆರಾದ ವ್ಯೂಫೈಂಡರನ್ನು ರಿಪೇರಿಯವರಿಗೆ ಕೊಟ್ಟು ಬದಲಿಸಬೇಕೋ ಬೇಡವೋ ಎಂದು ಈ ಬೇಸಿಗೆಯಿಡೀ ಯೋಚಿಸಿದೆ. ಕೇಳಿದವರಿಗೆ ಇದು ಸಣ್ಣ ವಿಷಯ. ಫೆಬ್ರವರಿಯ ಆ ಸಂಜೆಯವರೆಗೆ ನನಗೂ ಸಣ್ಣದೇ ಆಗಿತ್ತು.

ಅದು ಫಿಲ್ಮ್ ಹಾಕುವ ರೇಂಜ್‌ಫೈಂಡರ್ ಕ್ಯಾಮೆರಾ. ನಾನು ಕೋಲಾರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದೇನೆ. ಅಲ್ಲಿದ್ದ ಹಿರಿಯ ಡಾಕ್ಟರೊಬ್ಬರು ನಿವೃತ್ತರಾಗಿ ಊರು ಬಿಡುವಾಗ ಅದನ್ನು ನನ್ನ ಕೈಗಿಟ್ಟು, ವಾರವಿಡೀ ಮೈಕ್ರೋಸ್ಕೋಪಿನೊಳಗೆ ನೋಡುವವಳಿಗೆ ಭಾನುವಾರಕ್ಕಾದರೂ ಬೇರೊಂದು ಕಿಂಡಿ ಬೇಕು ಎಂದಿದ್ದರು. ಆ ಕಿಂಡಿಗೆ ಕಣ್ಣಿಟ್ಟರೆ ಎದುರಿನ ದೃಶ್ಯ ಕಾಣುತ್ತದೆ, ಅದರ ನಟ್ಟನಡುವೆ ಒಂದು ಪುಟ್ಟ ಚೌಕ. ಚೌಕದೊಳಗೆ ಎಲ್ಲವೂ ಎರಡೆರಡು. ಲೆನ್ಸಿನ ಬಳೆ ತಿರುಗಿಸುತ್ತಾ ಹೋದರೆ ಎರಡು ಮೂಗು ಹತ್ತಿರ ಬಂದು ಒಂದಾಗುತ್ತವೆ. ಒಂದಾದರೆ ಫೋಕಸ್ ಸರಿಯಾಯಿತು ಎಂದರ್ಥ.

ಆದರೆ ಬಿಸಿಲು ಎದುರಿನಿಂದ ಓರೆಯಾಗಿ ಬಿದ್ದರೆ ಆ ಚೌಕ ಬೆಳ್ಳಗಾಗಿಬಿಡುತ್ತದೆ. ಅದರೊಳಗೆ ಒಂದೂ ಕಾಣದು, ಎರಡೂ ಕಾಣದು. ಇದಕ್ಕೆ ಫ್ಲೇರ್ ಎನ್ನುತ್ತಾರೆ. ಬೆಂಗಳೂರಿನ ರಿಪೇರಿಯವರು ಫೋನಿನಲ್ಲಿ ಕಾರಣ ವಿವರಿಸಿದರು. ಈ ಮಾದರಿಯಲ್ಲಿ ಒಳಗಿನ ಒಂದು ಚಿಕ್ಕ ಮಸೂರವನ್ನು ಬಿಟ್ಟಿದ್ದಾರೆ, ಮುಂದೆ ಬಂದ ಮಾದರಿಗಳಲ್ಲಿ ಅದನ್ನು ಮತ್ತೆ ಸೇರಿಸಿದ್ದಾರೆ, ಆ ಭಾಗ ತರಿಸಿ ಕೂರಿಸಬಹುದು ಎಂದರು. ನನಗೆ ಥಟ್ಟನೆ ಅರ್ಥವಾಯಿತು. ಮೈಕ್ರೋಸ್ಕೋಪಿನ ಕೆಳಗೂ ಬೆಳಕನ್ನು ಒಟ್ಟುಗೂಡಿಸುವ ಕಂಡೆನ್ಸರ್ ಇರುತ್ತದೆ. ಅದು ಸ್ವಲ್ಪ ಜರುಗಿದರೂ ಸ್ಲೈಡು ಮಂಜು ಕವಿದ ಹಾಗೆ ಕಾಣುತ್ತದೆ.

ನಾನು ಆ ಬಿಳುಪಿನ ಜೊತೆಗೇ ಹೊಂದಿಕೊಂಡಿದ್ದೆ. ಕಣ್ಣನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದರೆ ಚೌಕ ಮತ್ತೆ ಮೂಡುತ್ತಿತ್ತು. ನಮ್ಮತ್ತೆಯ ಮನೆಯಲ್ಲಿ ಮಾತ್ರ ಈ ಕಾಟ ಹೆಚ್ಚು.

ಅತ್ತೆಯವರದು ಶ್ರೀನಿವಾಸಪುರ. ಮಗನೊಂದಿಗೆ ತೆಲುಗಿನಲ್ಲಿ ಮಾತಾಡುತ್ತಾರೆ, ನನ್ನೊಂದಿಗೆ ಕನ್ನಡದಲ್ಲಿ. ಬೈಯುವಾಗ ಎರಡೂ ಬೆರೆಯುತ್ತವೆ. ಅವರ ಮನೆಯಲ್ಲಿ ಫೋಟೋ ಎಂದರೆ ಕೂರಬೇಕು, ಪೂರ್ವಕ್ಕೆ ಮುಖ ಮಾಡಬೇಕು. ದಕ್ಷಿಣಕ್ಕಂತೂ ತಿರುಗುವ ಹಾಗೇ ಇಲ್ಲ. ನಿಂತು ತೆಗೆಸಿಕೊಂಡದ್ದನ್ನು ಅವರು ಫೋಟೋ ಎಂದು ಒಪ್ಪುವುದಿಲ್ಲ, ಅದು ದಾರಿಯಲ್ಲಿ ಸಿಕ್ಕಿದ್ದು ಎನ್ನುತ್ತಾರೆ. ಮನೆಗೆಲಸ ಮುಗಿಸಿ ಎಲ್ಲರೂ ಸೇರುವುದು ಸಂಜೆ. ಸಂಜೆ ಪೂರ್ವಕ್ಕೆ ಮುಖ ಮಾಡಿ ಕೂತರೆ ಸೂರ್ಯ ಅವರ ಬೆನ್ನ ಹಿಂದೆ, ನನ್ನ ಕಣ್ಣ ಮುಂದೆ. ಆ ಮನೆಯ ಗೋಡೆಯ ಮೇಲೆ ಮೂರು ತಲೆಮಾರಿನವರು ಒಂದೇ ಸಮ ಕಪ್ಪು ಮುಖದಲ್ಲಿ ಕೂತಿದ್ದಾರೆ. ನಮ್ಮ ಯಜಮಾನರಿಗೂ ಆ ಅಭ್ಯಾಸ ಮೈಗೆ ಹತ್ತಿದೆ. ಕ್ಯಾಮೆರಾ ಕಂಡರೆ ಸಾಕು, ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ಆ ಮನುಷ್ಯ ಕೂರಲು ಜಾಗ ಹುಡುಕುತ್ತಾರೆ, ಪೂರ್ವ ಯಾವ ಕಡೆ ಎಂದು ನೋಡುತ್ತಾರೆ.

ಫೆಬ್ರವರಿಯ ಒಂದು ಭಾನುವಾರ ನಾವಿಬ್ಬರೂ ಟೇಕಲ್ಲಿಗೆ ಹೋಗಿದ್ದೆವು. ಬೆಟ್ಟದ ಬುಡದಿಂದ ಸ್ವಲ್ಪ ಹತ್ತಿ ನಿಂತೆವು. ಸೂರ್ಯ ಇಳಿಯುತ್ತಿದ್ದ. ನಾನು ಬಂಡೆಗಳದ್ದು ಒಂದು ಫೋಟೋ ತೆಗೆದು ಇವರ ಕಡೆ ತಿರುಗಿದೆ. ಇವರು ನಡೆಯುವುದನ್ನು ನಿಲ್ಲಿಸಿ, ಮೆಲ್ಲಗೆ ಪೂರ್ವಕ್ಕೆ ತಿರುಗಿ, ಒಂದು ಬಂಡೆಯ ಮೇಲೆ ಕೂತರು. ಫೋಟೋಗೆ ಕೂತರು ಎಂದು ನಾನು ಅಂದುಕೊಂಡೆ. ಅವರ ಮನೆಯನ್ನು ಕಂಡವರು ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು.

ಕಿಂಡಿಗೆ ಕಣ್ಣಿಟ್ಟೆ. ಚೌಕ ಬೆಳ್ಳಗಿತ್ತು, ಸರಿಯಾಗಿ ಅವರ ಮುಖದ ಮೇಲೆ. ಇರಿ, ಅಲ್ಲಾಡಬೇಡಿ ಎಂದೆ. ಕಣ್ಣು ಸರಿಸಿದೆ, ಚೌಕ ಬರಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕಿಟ್ಟೆ. ಅವರು ಅಲ್ಲಾಡಲಿಲ್ಲ. ಹೇಳಿದ ಮಾತನ್ನು ಅಷ್ಟಾಗಿ ಕೇಳುವವರಲ್ಲ ಅವರು, ಅದು ವಿಚಿತ್ರ ಅನಿಸಿತು. ಕ್ಯಾಮೆರಾ ಇಳಿಸಿ ನೋಡಿದೆ. ಮುಖದ ಮೇಲೆಲ್ಲ ಬೆವರು. ತುಟಿಗೆ ಬಣ್ಣ ಇರಲಿಲ್ಲ.

ಕೆಳಗೆ ತೋಟದಲ್ಲಿದ್ದ ಇಬ್ಬರು ಓಡಿ ಬಂದು ಅವರನ್ನು ಹೊತ್ತು ಇಳಿಸಿದರು. ಹಾಲಿನ ಕ್ಯಾನುಗಳಿದ್ದ ಟೆಂಪೊ ಒಂದು ಮಾಲೂರಿನವರೆಗೆ ಕರೆದೊಯ್ದಿತು, ಅಲ್ಲಿಂದ ಆಂಬುಲೆನ್ಸ್. ಹೃದಯಾಘಾತ ಎಂದರು, ಸ್ಟೆಂಟ್ ಹಾಕಿದರು. ಅವರು ಉಳಿದರು.

ಅಂದಿನಿಂದ ಕ್ಯಾಮೆರಾ ಬೀರುವಿನಲ್ಲಿತ್ತು. ಒಳಗೆ ಅರ್ಧ ಮುಗಿದ ರೋಲು ಹಾಗೇ ಇತ್ತು. ನಾನು ಕೆಲಸಕ್ಕೆ ಹೋದೆ, ಅವರ ಮಾತ್ರೆ ನೋಡಿಕೊಂಡೆ, ಸಾರಿಗೆ ಉಪ್ಪು ಕಡಿಮೆ ಮಾಡಿದೆ. ಕೈ ಮಾತ್ರ ಆ ಬೀರುವಿನ ಕಡೆ ಹೋಗಲಿಲ್ಲ. ಚೇತರಿಸಿಕೊಳ್ಳುತ್ತಿದ್ದ ಇವರು ಫೋಟೋ ತೆಗಿ ಎಂದು ಆಗಾಗ ಕೇಳುತ್ತಿದ್ದರು. ನೋಡಲು ಬಂದವರೆಲ್ಲ ಫೋನಿನಲ್ಲಿ ತೆಗೆದು ಕಳಿಸಿದ ಚಿತ್ರಗಳಲ್ಲಿ ಅವರು ರೋಗಿಯ ಹಾಗೇ ಕಾಣುತ್ತಾರಂತೆ, ನಾನು ತೆಗೆದರೆ ಮನುಷ್ಯನ ಹಾಗೆ ಕಾಣುತ್ತಾರಂತೆ. ವ್ಯೂಫೈಂಡರ್ ಸರಿಯಿಲ್ಲ, ಬದಲಿಸಿದ ಮೇಲೆ ತೆಗೆಯುತ್ತೇನೆ ಎಂದು ನಾನು ಹೇಳುತ್ತಿದ್ದೆ. ಆ ಮಾತನ್ನು ನಾನೇ ನಂಬಿದ್ದೆ. ಆ ಮಸೂರ ಮೊದಲೇ ಇದ್ದಿದ್ದರೆ ಮುಖ ಕಾಣುತ್ತಿತ್ತು, ಮುಖ ಕಂಡಿದ್ದರೆ ಬೇಗ ತಿಳಿಯುತ್ತಿತ್ತು. ಮತ್ತೆ ಅವರನ್ನು ಆ ಕಿಂಡಿಯಲ್ಲಿ ನೋಡಬೇಕಾದರೆ ಮೊದಲು ಅದು ಸರಿಯಾಗಬೇಕು.

ರಿಪೇರಿಯವರಿಗೆ ಮತ್ತೆ ಫೋನ್ ಮಾಡಿದೆ. ಭಾಗ ಹೊರದೇಶದಿಂದ ಬರಬೇಕು, ಕೆಲವು ತಿಂಗಳು ಹಿಡಿಯಬಹುದು ಎಂದರು. ಆಮೇಲೆ ಫ್ಲೇರ್ ಪೂರ್ತಿ ಹೋಗುತ್ತಾ ಎಂದು ಕೇಳಿದೆ.

"ಕಡಿಮೆ ಆಗುತ್ತೆ ಮೇಡಂ. ಹೋಗುತ್ತೆ ಅಂತ ನಾನು ಹೇಳಲ್ಲ."

ಎಷ್ಟು ಕಡಿಮೆ ಎಂದು ಕೇಳಿದ್ದಕ್ಕೆ, ಈಗ ಎಷ್ಟಿದೆ ಎಂದು ನೀವೇ ಒಮ್ಮೆ ನೋಡಿ ಹೇಳಿ ಎಂದರು. ಅದು ನ್ಯಾಯವಾದ ಮಾತು. ಲ್ಯಾಬಿನಲ್ಲೂ ಯಂತ್ರದ ಮೇಲೆ ಸಂಶಯ ಬಂದರೆ ಮೊದಲು ಗೊತ್ತಿರುವ ಸ್ಯಾಂಪಲ್ ಇಟ್ಟು ನೋಡುತ್ತೇವೆ. ಒಂದು ಸಂಜೆ ಕೂತ ಮನುಷ್ಯನ ಬದಲಿಗೆ ತಾರಸಿಯ ಮೇಲೆ ಸ್ಟೂಲು ಇಟ್ಟು, ಅದರ ಮೇಲೆ ಬಿಂದಿಗೆ ಇಟ್ಟು, ಬಿಂದಿಗೆಯ ಕತ್ತಿನ ಸುತ್ತ ಒಂದು ಟವೆಲ್ ಹೊದಿಸಿದೆ. ಬೀರುವಿನಿಂದ ಕ್ಯಾಮೆರಾ ತಂದು, ಸೂರ್ಯನ ಕಡೆ ಮುಖ ಮಾಡಿ ನಿಂತು ಕಿಂಡಿಗೆ ಕಣ್ಣಿಟ್ಟೆ. ಚೌಕ ಬೆಳ್ಳಗಾಯಿತು. ಕಣ್ಣು ಸರಿಸಿದೆ, ಮೂಡಿತು. ಜಾಗ ಬದಲಿಸಿದೆ, ಮತ್ತೆ ಬೆಳ್ಳಗಾಯಿತು. ಬಿಸಿಲು ಇರುವಷ್ಟು ಹೊತ್ತೂ ಹಾಗೇ ನೋಡಿದೆ.

ಆಗ ಕಂಡಿತು. ಬೆಳ್ಳಗಾಗುವುದು ಚೌಕ ಮಾತ್ರ. ಅದು ಅಷ್ಟು ದೂರದಲ್ಲಿ ಬಿಂದಿಗೆಯ ಬಾಯನ್ನಷ್ಟೇ ಮುಚ್ಚುತ್ತಿತ್ತು. ಸುತ್ತಲಿನದೆಲ್ಲ ಸ್ಪಷ್ಟವಾಗಿತ್ತು. ಸ್ಟೂಲಿನ ಕಾಲು, ಟವೆಲಿನ ಅಂಚು, ಗಾಳಿಗೆ ಅದು ಅಲ್ಲಾಡುವುದು ಎಲ್ಲವೂ ಕಾಣುತ್ತಿತ್ತು. ಹಾಗಾದರೆ ಅವತ್ತೂ ಕಾಣಬೇಕಿತ್ತು. ಮುಖವೊಂದು ಬಿಟ್ಟು ಮಿಕ್ಕಿದ್ದೆಲ್ಲ. ನಾನು ನಿಂತಲ್ಲೇ ನೆನಪು ಮಾಡಿಕೊಂಡೆ, ಅವಸರ ಮಾಡಲಿಲ್ಲ. ಬಂಡೆ, ಬೂದು ಪ್ಯಾಂಟು, ಚಪ್ಪಲಿ. ಬಲಗೈ. ಬಲಗೈ ಎಡ ತೋಳನ್ನು ಉಜ್ಜುತ್ತಿತ್ತು. ಅದು ನನಗೆ ಕಂಡಿತ್ತು. ಇರುವೆ ಹತ್ತಿರಬೇಕು ಅಂದುಕೊಂಡಿದ್ದೆ.

ರಾತ್ರಿ ಊಟಕ್ಕೆ ಮುದ್ದೆ, ಸೊಪ್ಪಿನ ಸಾರು. ಬಡಿಸಿ ಕೂತ ಮೇಲೆ ಹೇಳಿದೆ.

"ಅವತ್ತು ನಿಮ್ಮ ಕೈ ಕಾಣಿಸ್ತಿತ್ತು ರೀ. ತೋಳು ಉಜ್ಕೊಳ್ತಾ ಇದ್ರಿ. ಇರುವೆ ಅಂದ್ಕೊಂಡೆ."

ಅವರು ಮುದ್ದೆ ಮುರಿದು ಸಾರಿನಲ್ಲಿ ಅದ್ದಿದರು.

"ಇರುವೆನೂ ಇತ್ತು ಕಣೇ."

"ಸುಳ್ಳು ಹೇಳ್ಬೇಡಿ."

"ಆ ಬಂಡೆ ಮೇಲೆ ನೀನೇ ಹೋಗಿ ಕೂತ್ಕೊಂಡು ನೋಡು. ಕೆಂಪಿರುವೆ. ಮೊದಲು ಕಚ್ಚಿದ್ದು ಅದು, ಹಾರ್ಟು ಆಮೇಲೆ."

ನನಗೆ ನಗು ಬರಲಿಲ್ಲ, ಅವರಿಗೆ ಬಂತು. ಆಮೇಲೆ ಅವರೇ ತಮ್ಮ ಕಡೆಯದನ್ನು ಹೇಳಿದರು. ಅಷ್ಟು ತಿಂಗಳಲ್ಲಿ ನಾನು ಕೇಳಿರಲಿಲ್ಲ. ಎದೆಯಲ್ಲಿ ಏನೋ ಹಿಡಿದ ಹಾಗಾಗಿ, ಗ್ಯಾಸ್ ಇರಬೇಕೆಂದು ಕೂತರಂತೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಅದಕ್ಕೆ ಬೆನ್ನು ಮಾಡಿ ತಿರುಗಿದ್ದಂತೆ, ಪೂರ್ವದ ಯೋಚನೆಯೇ ಇರಲಿಲ್ಲವಂತೆ. ಎದ್ದು ಕೆಳಗಿಳಿದು ಸೋಡಾ ಕುಡಿದರೆ ಸರಿಹೋಗುತ್ತದೆ ಎಂದು ಏಳಲು ಹೊರಟಾಗ ನಾನು ಅಲ್ಲಾಡಬೇಡಿ ಎಂದೆನಂತೆ.

"ಅದಕ್ಕೇ ಏಳಲಿಲ್ಲ. ಎದ್ದು ಇಳಿದಿದ್ರೆ ಏನಾಗ್ತಿತ್ತೋ ಏನೋ."

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನನಗಾಗಿ ಕಟ್ಟಿದ್ದು ಎಂದು ನಾನು ಹೇಳಲಾರೆ. ಅವರ ಮುಖವನ್ನೇ ನೋಡಿದೆ, ತಿಳಿಯಲಿಲ್ಲ. ನಡುವೆ ಯಾವ ಗಾಜೂ ಇರಲಿಲ್ಲ, ಆದರೂ ತಿಳಿಯಲಿಲ್ಲ. ಅವರು ಇನ್ನೊಂದು ಸೌಟು ಸಾರು ಕೇಳಿದರು. ಹಾಕಿದೆ.

ಮಾರನೆಯ ದಿನ ರಿಪೇರಿಯವರಿಗೆ ಫೋನ್ ಮಾಡಿ, ಭಾಗ ತರಿಸಬೇಡಿ ಎಂದೆ. ಫ್ಲೇರ್ ಇಲ್ಲವಾ ಎಂದು ಕೇಳಿದರು. ಇದೆ, ಆದರೆ ನಾನು ಫೋಟೋ ತೆಗೆಯದೆ ಇದ್ದದ್ದು ಅದರಿಂದಲ್ಲ ಎಂದೆ. ಅವರು ಏನು ತಿಳಿದುಕೊಂಡರೋ, ಆಯ್ತು ಮೇಡಂ, ಯಾವಾಗ ಬೇಕಾದರೂ ಹೇಳಿ ಎಂದರು.

ಆ ಭಾನುವಾರ ಸಂಜೆ ಅವರನ್ನು ತಾರಸಿಗೆ ಕರೆದೆ. ಗಡ್ಡ ತೆಗೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಮೆಟ್ಟಿಲು ಹತ್ತಿದ್ದಕ್ಕೆ ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ಪೂರ್ವಕ್ಕೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತರು. ಕಿಂಡಿಗೆ ಕಣ್ಣಿಟ್ಟಾಗ ಚೌಕ ಬೆಳ್ಳಗಿತ್ತು. ಕ್ಯಾಮೆರಾ ಇಳಿಸಿ ಅವರನ್ನು ನೋಡಿದೆ. ಹಣೆ ಒಣಗಿತ್ತು, ತುಟಿಯ ಬಣ್ಣ ಸರಿಯಾಗಿತ್ತು. ಮತ್ತೆ ಎತ್ತಿದೆ, ಮತ್ತೆ ಇಳಿಸಿದೆ.

"ಎಷ್ಟು ಸಲ ಇಳಿಸ್ತೀಯೇ? ಇಲ್ಲೇ ಇದೀನಿ."

"ಇರಿ ಸ್ವಲ್ಪ," ಎಂದೆ. ಅಲ್ಲಾಡಬೇಡಿ ಎನ್ನಲಿಲ್ಲ. ಅವರು ಮಂಡಿ ಕೆರೆದುಕೊಂಡರು, ಪಕ್ಕದ ಮನೆಯ ಪಾರಿವಾಳ ನೋಡಿದರು, ಟೀ ಮಾಡುತ್ತೀಯಾ ಎಂದು ಕೇಳಿದರು. ನಾನು ಕಣ್ಣನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದೆ. ಚೌಕ ಮೂಡಿತು, ಅದರೊಳಗೆ ಅವರ ಎರಡು ಮುಖ. ಬಳೆ ತಿರುಗಿಸಿದೆ. ಒಂದಾಗುವವರೆಗೆ ಕಾದು, ಒತ್ತಿದೆ.