ಗದ್ದ ಮುಂದೆ ಮಾಡಿದ ಗಿರಾಕಿಗಳು

ಗಡ್ಡ ಹೆರೆಯುವಾಗ ಚರ್ಮ ಬಿಗಿಯಾಗಿರಲೆಂದು ಆ ಕ್ಷೌರಿಕ ಗಿರಾಕಿಯ ಕೆಳತುಟಿಯ ಅಡಿಯ ಕುಳಿಗೆ ಹೆಬ್ಬೆರಳು ಊರುತ್ತಿದ್ದ. ಅಪ್ಪನಿಂದ ಬಂದ ಅಭ್ಯಾಸ, ಅಷ್ಟೇ. ಅದಕ್ಕೊಂದು ದೊಡ್ಡ ಅರ್ಥವಿದೆಯೆಂದು ಕಂಡುಹಿಡಿದವನು ಅವನ ಭಾಮೈದ. ಎಲ್ಲೋ ಅಕ್ಯುಪಂಕ್ಚರ್ ತರಗತಿಗೆ ನಾಲ್ಕು ದಿನ ಹೋಗಿಬಂದಿದ್ದ ಆತ, ಅಂಗಡಿಯ ಬೆಂಚಿನಿಂದ ದಡಕ್ಕನೆ ಎದ್ದು ಕೂಗಿದ: "ಭಾವ, ನೀವು ಒತ್ತಿರೋದು ಬಾಯಿ, ವಸಡಿನ ಬಿಂದು! ಸೂಜಿ ಚುಚ್ಚೋದೂ ಅಲ್ಲಿಗೇ!"

ಕುರ್ಚಿಯಲ್ಲಿದ್ದ ನಿವೃತ್ತ ಡ್ರಾಯಿಂಗ್ ಮೇಷ್ಟರಿಗೆ ಅಂದು ವಸಡು ನೋಯುತ್ತಿತ್ತು. ನೊರೆ ಮೆತ್ತಿದ ಮುಖದಲ್ಲೇ ಕಣ್ಣರಳಿಸಿ, "ಹೌದಪ್ಪಾ, ಹಗುರ ಆಯ್ತು!" ಎಂದುಬಿಟ್ಟರು.

ಅಲ್ಲಿಗೆ ಕ್ಷೌರಿಕನ ನೆಮ್ಮದಿಗೆ ಕತ್ತರಿ ಬಿತ್ತು.

ಕೆನ್ನೆ ಊದಿಸಿಕೊಂಡವರು, ಬಾಯಿಹುಣ್ಣಿನವರು, ಏನೂ ಇಲ್ಲದೆ ಸುಮ್ಮನೆ ಪರೀಕ್ಷೆಗೆ ಬಂದವರು, ಎಲ್ಲರೂ ಕುರ್ಚಿಯಲ್ಲಿ ಕೂತು ಗದ್ದ ಮುಂದೆ ಮಾಡಿದರು. ಕೂದಲು ಕತ್ತರಿಸಿಕೊಳ್ಳಲು ಬಂದವರು ಸಾಲು ನೋಡಿ ವಾಪಸಾದರು. "ನಾನು ಡಾಕ್ಟರಲ್ಲ ಕಣ್ರೀ" ಎಂದು ಹೇಳಿ ಹೇಳಿ ಅವನಿಗೆ ಸಾಕುಬೇಕಾಯಿತು. ಭಾಮೈದನೋ, ಯಾರನ್ನೂ ಕೇಳದೆ ಕನ್ನಡಿಗೆ ಗದ್ದದ ಚಿತ್ರವೊಂದನ್ನು ಅಂಟಿಸಿದ್ದ. ಅದನ್ನು ಕಿತ್ತೆಸೆದದ್ದಕ್ಕೆ ಹೆಂಡತಿ ತಿರುಗಿಬಿದ್ದಳು: "ನನ್ನ ತಮ್ಮ ಏನೋ ನಾಲ್ಕು ಜನಕ್ಕೆ ಒಳ್ಳೇದು ಮಾಡೋಕೆ ಹೋದ್ರೆ ನಿಮಗ್ಯಾಕ್ರೀ ಹೊಟ್ಟೆಉರಿ?"

ಎಲ್ಲರಿಗಿಂತ ತಲೆ ತಿಂದವರು ಮೇಷ್ಟರು. ಅಂಗಡಿ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಹಾಜರು. ಒತ್ತಿದಾಗ ಒಂದು ಗಳಿಗೆ ಹಾಯೆನಿಸುತ್ತಿತ್ತಂತೆ. ಮನೆ ಸೇರುವಷ್ಟರಲ್ಲಿ ನೋವು ಮತ್ತೆ ಶುರು. ಒಂದು ಬೆಳಿಗ್ಗೆಯಂತೂ ದವಡೆ ಊದಿ ಮಾತೇ ಹೊರಡಲಿಲ್ಲ. ಮುಟ್ಟಿದರೆ ಕೆನ್ನೆ ಕೆಂಡದಂತೆ ಸುಡುತ್ತಿತ್ತು. ಆದರೂ ಗದ್ದ ಎತ್ತಿ, ಒತ್ತು ಎಂದು ಸನ್ನೆ ಮಾಡಿದರು.

"ಸಾಕು ಮಾಡಿ ಮೇಷ್ಟ್ರೇ! ಒಳಗೆ ಕೀವು ಕಟ್ಟಿರೋ ಹಾಗಿದೆ, ಹೊರಗೆ ನಾನು ಬೆರಳು ಊರ್ಕೊಂಡು ನಿಂತ್ರೆ ಇಳಿಯತ್ತಾ? ಏಳಿ ಮೇಲೆ!"

ಕಾದಿದ್ದವರನ್ನೆಲ್ಲ ಹೊರಗಟ್ಟಿ, ಶಟರ್ ಎಳೆದು, ಅವರ ರಟ್ಟೆ ಹಿಡಿದು ಹಿಂದಿನ ಬೀದಿಯ ಹಲ್ಲಿನ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರಮ್ಮ ಬಾಯೊಳಗೆ ದೀಪ ಹಿಡಿದು ನೋಡಿ, "ಇಷ್ಟಾಗೋವರೆಗೂ ಎಲ್ಲಿ ತೋರಿಸ್ತಿದ್ರಿ?" ಎಂದರು. ಮೇಷ್ಟರು ಸೀದಾ ಕ್ಷೌರಿಕನತ್ತ ಬೆರಳು ಮಾಡಿ, ತಮ್ಮ ಗದ್ದಕ್ಕೆ ಹೆಬ್ಬೆರಳು ಒತ್ತಿ ತೋರಿಸಿದರು!

"ನೀವಾ?" ಡಾಕ್ಟರಮ್ಮ ಅವನನ್ನೇ ತರಾಟೆಗೆ ತೆಗೆದುಕೊಂಡರು. "ಒತ್ತಿದ್ರೆ ನೋವು ಸ್ವಲ್ಪ ಮರೆತಹಾಗೆ ಅನ್ನಿಸಬಹುದು. ಹಾಗಂತ ಕೀವು ಹೋಗುತ್ತೇನ್ರೀ?"

ಕ್ಷೌರಿಕ ಅಂಗಡಿಯಲ್ಲಿ ಬೊಬ್ಬೆ ಹೊಡೆದದ್ದೂ ಇದನ್ನೇ ಅಲ್ಲವೇ?

ಹಲ್ಲು ಕೀಳಿಸಿ, ಮೇಷ್ಟರನ್ನು ಹೆಗಲಿಗೆ ಆನಿಸಿಕೊಂಡು ಅಂಗಡಿಗೆ ಮರಳಿದಾಗ ಭಾಮೈದ ಬಾಗಿಲಲ್ಲೇ ನಿಂತಿದ್ದ. "ಭಾವ, ಹಲ್ಲು ಕಿತ್ತ ನೋವಿಗೂ ಒಂದು ಬಿಂದು ಇದೆ, ಇಲ್ಲಿ ಕೈಯಲ್ಲಿ—"

ಕ್ಷೌರಿಕ ಭಾಮೈದನನ್ನು ಕುರ್ಚಿಗೆ ತಳ್ಳಿ, ಬ್ರಷ್ಷನ್ನು ಸೋಪಿನಲ್ಲಿ ತಿರುವಿ, ಮೂಗಿನಿಂದ ಗಂಟಲವರೆಗೆ ದಪ್ಪಗೆ ನೊರೆ ಮೆತ್ತಿದ. ತುಟಿ ಬಿಚ್ಚಿದರೆ ಸೋಪು ಬಾಯೊಳಕ್ಕೆ. ಬೆಂಚಿನ ಮೇಲಿದ್ದ ಮೇಷ್ಟರು ಹತ್ತಿ ಕಚ್ಚಿಕೊಂಡೇ ನಗಲು ಹೋಗಿ, "ಅಯ್ಯೋ" ಎಂದು ಕೆನ್ನೆ ಹಿಡಿದುಕೊಂಡರು.